ಅಳಿಯನ ಪಾಲಿನ ಅಮೆರಿಕ

"ಈ ಗಂಟು ಹಾಕಿದ್ದು ಯಾರು, ಗುರುವ?"

ರತ್ನಪ್ರಭಾ ಟೀಚರ್ ಕೇಳಿದ್ದು ಇಷ್ಟೇ. ಅವರೆದುರು ಮಂಚದ ಮೇಲೆ ಬೋಜಜ್ಜನ ಬಟ್ಟೆಬರೆ ಹರಡಿತ್ತು. ಆಸ್ಪತ್ರೆಯವರು ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಟ್ಟ ಕಪ್ಪು ಕೋಟು, ಬಿಳಿ ಅಂಗಿ, ಒಂದು ಜೊತೆ ಶೂ, ಒಂದು ಕಂದು ಟೈ. ಟೈ ಬಿಚ್ಚುವಷ್ಟು ಪುರುಸೊತ್ತು ಯಾರಿಗಿತ್ತೋ ಇಲ್ಲವೋ, ಸಡಿಲಿಸಿ ತಲೆಯ ಮೇಲಿನಿಂದ ಎಳೆದು ತೆಗೆದಿದ್ದರು. ಗಂಟು ಹಾಗೆಯೇ ಉಳಿದಿತ್ತು.

ಎಂಬತ್ತೆಂಟು ವರ್ಷದ ಬೋಜಜ್ಜ ಮೊನ್ನೆ ಮಂಗಳವಾರ ಮಸ್ಕತ್ತಿನ ಅಲ್ ಹೈಲ್‌ನ ಕಡಲ ದಂಡೆಯಲ್ಲಿ, ಮೇಲಕ್ಕೆ ಎಳೆದಿಟ್ಟ ಮೀನಿನ ದೋಣಿಯೊಂದಕ್ಕೆ ಒರಗಿ ಕುಳಿತಲ್ಲೇ ಸತ್ತಿದ್ದರು. ಜೂನ್ ತಿಂಗಳ ಬಿಸಿಲು, ವಯಸ್ಸು, ಹೃದಯ ಎಂದು ಪೊಲೀಸರು ಮೂರು ಮಾತು ಬರೆದು ಫೈಲು ಮುಚ್ಚಿದ್ದರು. ತಪ್ಪೇನೂ ಅಲ್ಲ. ಅವರಿಗೆ ಅಷ್ಟೇ ಕಂಡದ್ದು.

ಒಪ್ಪದೆ ಉಳಿದವರು ಒಬ್ಬರೇ, ಅಜ್ಜನ ತಂಗಿಯ ಮಗಳು ಉಮಾವತಿ. ಬೂದಿ ತುಂಬಿದ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಆಕೆ ಟೀಚರ್ ಹತ್ತಿರ ಹೇಳಿದ್ದರು: "ನನ್ನ ಮಾವನ ಮೊಣಕಾಲು ಬಚ್ಚಲಿಗೆ ಹೋಗ್ಲಿಕ್ಕೇ ಬಗ್ಗುವುದಿಲ್ಲ. ಅವ್ರು ಅಲ್ಲಿಗೆ ಹೇಗೆ ಹೋದದ್ದು ಅಂತ ನನಗೆ ಗೊತ್ತಾಗ್ಬೇಕು. ನನ್ನ ಮಗನೇ ಆದ್ರೂ ಮುಚ್ಚಿಡ್ಬೇಡಿ ಮಾರಾಯ್ರೆ. ಇದ್ದದ್ದು ಇದ್ದ ಹಾಗೆ ಹೇಳಿ."

ಟೀಚರ್ ಹೂಂ ಅಂದುಬಿಟ್ಟಿದ್ದರು. ಮೈಸೂರಿನಿಂದ ಬಂದು ಮಸ್ಕತ್ತಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದು ವರ್ಷ ಚರಿತ್ರೆ ಪಾಠ ಹೇಳಿದ ಹೆಂಗಸು. ಮಕ್ಕಳ ಸುಳ್ಳು ಹಿಡಿದು ಹಿಡಿದು ದೊಡ್ಡವರ ಸುಳ್ಳೂ ಹಿಡಿಯುವ ಚಾಳಿ ಬಂದುಬಿಟ್ಟಿತ್ತು. ಹೂಂ ಅನ್ನುವ ಮುಂಚೆ ಒಂದು ಗಳಿಗೆ ಯೋಚಿಸಬೇಕಿತ್ತು ಎಂದು ಈಗ ಅವರಿಗೆ ಅನ್ನಿಸುತ್ತಿತ್ತು.

ಗುರುವ ಗೋಡೆಗೆ ಒರಗಿ ನಿಂತಿದ್ದ. ಇಪ್ಪತ್ತೆಂಟರ ಹುಡುಗ, ಉಮಾವತಿಗೆ ಒಬ್ಬನೇ ಮಗ. ಎಣ್ಣೆಯ ರೇಟು ಬಿದ್ದದ್ದೇ ಕಂಪನಿಗಳು ಸಾಲುಸಾಲಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ವರ್ಷ ಅದು. ಇವನ ಹೆಸರೂ ಪಟ್ಟಿಯಲ್ಲಿತ್ತು. ವೀಸಾ ಖಲಾಸ್. ಭಾನುವಾರದ ವಿಮಾನಕ್ಕೆ ತಾಯಿ ಮಗ ಇಬ್ಬರಿಗೂ ಟಿಕೇಟು ಬಂದಿತ್ತು.

"ಅಜ್ಜನೇ ಹಾಕ್ಕೊಂಡಿರ್ಬೇಕು ಟೀಚರ್."

"ಕಣ್ಣಲ್ಲಿ ಪೊರೆ. ಕೈ ನಡುಕ. ಚಾ ಲೋಟವನ್ನೇ ಎರಡು ಕೈಯಲ್ಲಿ ಹಿಡೀತಿದ್ದ ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ಟೈ ಕಟ್ಟಿಕೊಂಡ್ರಾ?"

"ಹಾಗಾದ್ರೆ ಅಮ್ಮ..."

"ನನಗೆ ಟೈ ಕಟ್ಲಿಕ್ಕೆ ಗೊತ್ತುಂಟಾ?" ಬಾಗಿಲಲ್ಲಿ ನಿಂತಿದ್ದ ಉಮಾವತಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ರತ್ನಪ್ರಭಾ ಶೂ ಒಂದನ್ನು ಎತ್ತಿ ಮಗುಚಿದರು. "ಇಲ್ಲಿಂದ ದಂಡೆಗೆ ಡಾಂಬರು ಇಲ್ಲ. ಅರ್ಧ ಮೈಲಿ ಜಲ್ಲಿಕಲ್ಲು, ಧೂಳು. ಬೆಳಿಗ್ಗೆ ನಾನೇ ನಡೆದು ನೋಡಿದೆ. ಬಾಗಿಲ ಹತ್ರ ನನ್ನ ಚಪ್ಪಲಿ ಇದೆ, ನೋಡ್ಕೊಂಡು ಬಾ ಹೋಗು. ಈಗ ಇದನ್ನ ನೋಡು. ಅಟ್ಟೆ ಮೇಲೆ ಒಂದು ಗೀರಿಲ್ಲ. ಹಿಮ್ಮಡಿ ಸಂದಿಯಲ್ಲಿ ನಾಲ್ಕು ಕಾಳು ಮರಳು, ಅಷ್ಟೇ. ನಿಮ್ಮಜ್ಜ ನಡೆದು ಹೋಗ್ಲಿಲ್ಲ ಕಣಪ್ಪ. ಕಾರಿಂದ ಇಳಿದು ಹತ್ತು ಹೆಜ್ಜೆ ಇಟ್ಟಿದ್ದಾರೆ. ಈ ಮನೇಲಿ ಕಾರು ಓಡಿಸೋದು ಯಾರು?"

ಗುರುವ ಗೋಡೆಗುಂಟ ಜಾರಿ ನೆಲದ ಮೇಲೆ ಕುಳಿತ.

"ನಾನೇ ಟೀಚರ್. ನಾನೇ ಕಟ್ಟಿದ್ದು."

ಉಮಾವತಿ ಬಾಯಿಗೆ ಸೆರಗು ಒತ್ತಿಕೊಂಡರು.

"ಮೊದಲಿಂದ ಹೇಳು," ಎಂದರು ರತ್ನಪ್ರಭಾ. "ಅಜ್ಜನ ಟ್ರಂಕಿನಲ್ಲಿ ಏನಿತ್ತು? ಅದು ಬೀಗ ಹಾಕದೆ ಬಿದ್ದಿತ್ತು ಅಂತ ನಿಮ್ಮಮ್ಮ ಹೇಳಿದಾರೆ."

"ಒಂದು ಕಾಗದ. ಅಮೆರಿಕದ್ದು. ನನಗೆ ಏಪ್ರಿಲಲ್ಲಿ ಸಿಕ್ಕಿದ್ದು. ಅಜ್ಜ ಆ ಕಾಲದಲ್ಲಿ ಅಲ್ಲಿದ್ರು ಅಂತ ಗೊತ್ತಿತ್ತು, ಹಡಗಲ್ಲಿ ಅಡಿಗೆಯವರಾಗಿ ಹೋದದ್ದು, ದೊಡ್ಡ ಯುದ್ಧದಲ್ಲಿ ಅಲ್ಲಿನ ಮಿಲಿಟರಿಗೆ ರೊಟ್ಟಿ ಸುಟ್ಟದ್ದು, ಎಲ್ಲ ಕತೆ ಹೇಳ್ತಿದ್ರು. ಆದ್ರೆ ಇವರನ್ನ ಆ ದೇಶದ ಪ್ರಜೆ ಮಾಡಿದ್ದಾರೆ ಅಂತ ಯಾರಿಗೆ ಗೊತ್ತು? ಸಾವಿರದ ಒಂಬೈನೂರ ಹತ್ತೊಂಬತ್ತು, ಬಾಲ್ಟಿಮೋರ್ ಕೋರ್ಟು, ಸೀಲು, ನಂಬರು, ಎಲ್ಲ ಉಂಟು. ನನಗೆ ತಲೆ ತಿರುಗಿತು."

"ಆಮೇಲೆ?"

"ಅಮೆರಿಕದ ಕಚೇರಿಗೆ ತಕೊಂಡು ಹೋದೆ. ನಾನು ಇವರ ವಾರಸುದಾರ, ನನಗೆ ಪಾಸ್‌ಪೋರ್ಟ್ ಕೊಡಿ ಅಂತ ಅರ್ಜಿ ಹಾಕಿದೆ."

ರತ್ನಪ್ರಭಾ ಕಣ್ಣು ಕಿರಿದು ಮಾಡಿದರು. "ನೀನು ಅವರ ತಂಗಿ ಮಗಳ ಮಗ. ಅದು ಹೇಗೆ ನಿನಗೆ ಬರತ್ತೆ?"

"ನಮ್ಮಲ್ಲಿ ಅಳಿಯಕಟ್ಟು ಅಲ್ವಾ ಟೀಚರ್? ಮಾವನದ್ದು ಸ್ವಂತ ಮಕ್ಕಳಿಗಲ್ಲ, ತಂಗಿ ಸಂತಾನಕ್ಕೆ. ಅಜ್ಜನ ಗದ್ದೆ ಹಾಗೇ ಅಮ್ಮನಿಗೆ ಬಂತು. ಮನೆ ಹಾಗೇ ಬಂತು. ಅಮೆರಿಕ ಮಾತ್ರ ಯಾಕೆ ಬರಬಾರ್ದು ಅಂತ ನನಗೆ ಕಂಡಿತು."

ಬೇರೆ ದಿನವಾಗಿದ್ದರೆ ಟೀಚರ್ ಬಿದ್ದು ಬಿದ್ದು ನಗುತ್ತಿದ್ದರು. ವಾಷಿಂಗ್ಟನ್ನಿಗೆ ಅಳಿಯಸಂತಾನ ಕಟ್ಟಲು ಹೋದ ಮೊದಲ ಮನುಷ್ಯ ಇವನೇ ಇರಬೇಕು. ಆದರೆ ಹುಡುಗ ತಮಾಷೆ ಮಾಡುತ್ತಿರಲಿಲ್ಲ. ಊರಿನಲ್ಲಿ ಉಣ್ಣುವ ಅನ್ನ, ಮಲಗುವ ಮನೆ ಎಲ್ಲ ಬಂದ ದಾರಿಯಲ್ಲೇ ಇದೂ ಬರುತ್ತದೆ ಎಂದು ನಂಬಿದ್ದ. ಕೆಲಸ ಹೋದವನಿಗೆ ನಂಬಲು ಏನಾದರೂ ಬೇಕಲ್ಲ, ಪಾಪ.

"ಕಿಟಕಿಯಲ್ಲಿದ್ದ ಹೆಂಗಸು ನಗ್ಲಿಲ್ಲ ಟೀಚರ್. ವಿಚಾರಿಸಿ ಬರೀತೇವೆ ಅಂದ್ಲು. ಸೋಮವಾರ ಕಂಪನಿಯ ಪೋಸ್ಟ್ ಬಾಕ್ಸಿಗೆ ಉತ್ತರ ಬಂತು."

ಅವನು ಜೇಬಿನಿಂದ ಮಡಿಸಿದ ಕವರು ತೆಗೆದು ಕೊಟ್ಟ. ಒಳಗೆ ಎರಡು ಹಾಳೆ. ಒಂದು ಟೈಪ್ ಮಾಡಿದ ಕಚೇರಿಯ ಪತ್ರ, ಇನ್ನೊಂದು ಕೈಬರಹ. ರತ್ನಪ್ರಭಾ ಮೊದಲನೆಯದನ್ನು ಎರಡು ಸಲ ಓದಿದರು. ಎರಡನೆಯದನ್ನು ಓದುವಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

"ನನಗೂ ಹೇಳಿ ಟೀಚರ್," ಉಮಾವತಿ ಮಂಚದ ಅಂಚಿಗೆ ಬಂದು ಕುಳಿತರು. "ಇಂಗ್ಲಿಷು ನನಗೆಲ್ಲಿ ಬರ್ತದೆ."

"ನಿಮ್ಮ ಮಾವನಿಗೆ ಅಲ್ಲಿ ಹೆಂಡತಿ ಇದ್ಲು ಉಮಾವತಿ. ಐಡಾ ಅಂತ."

ಉಮಾವತಿ ತಲೆಯೆತ್ತಿದರು. ಮಾವ ಬ್ರಹ್ಮಚಾರಿ ಎಂದೇ ಐವತ್ತೆರಡು ವರ್ಷ ನಂಬಿದ್ದ ಮುಖ ಅದು.

"ಅಲ್ಲಿಯ ಹೆಂಗಸರಿಗೆ ಎಲ್ಲ ಕಡೆ ವೋಟು ಬಂದಿದ್ದು ಇಪ್ಪತ್ತನೇ ಇಸವಿಯಲ್ಲಿ. ಅದಕ್ಕೋಸ್ಕರ ಬೀದಿಗಿಳಿದು ಕೂಗಿದವರಲ್ಲಿ ಈ ಐಡಾನೂ ಒಬ್ಬಳು. ಆ ನವೆಂಬರಿನಲ್ಲಿ ಹೊಸ ಟೋಪಿ ಹಾಕ್ಕೊಂಡು ಹೋಗಿ ವೋಟು ಹಾಕಿ ಬಂದ್ಲಂತೆ. ಮಾರನೇ ವರ್ಷ ನಿಮ್ಮ ಮಾವನನ್ನ ಮದುವೆಯಾದ್ಲು. ಆಗ ಇವರೂ ಅಲ್ಲಿನ ಪ್ರಜೆ, ತೊಂದರೆ ಇರಲಿಲ್ಲ."

"ಮತ್ತೆ?"

"ಆ ಕಾಲ ಕೆಟ್ಟಿತ್ತು. ಯುದ್ಧ ಮುಗಿದದ್ದೇ ಆ ದೇಶಕ್ಕೆ ಹೊರಗಿನವರನ್ನ ಕಂಡ್ರೆ ದಿಗಿಲು ಹಿಡೀತು. ಬಂದರಲ್ಲಿ ಸಂಬಳ ಹೆಚ್ಚು ಕೇಳಿದವನೆಲ್ಲ ರಷ್ಯಾದ ಕಡೆಯವನು ಅಂತ ಹಿಡಿದು ಹಡಗು ಹತ್ತಿಸ್ತಿದ್ರು. ಬಾಗಿಲುಗಳನ್ನ ಒಂದೊಂದಾಗಿ ಹಾಕ್ತಾ ಬಂದ್ರು. ಇಪ್ಪತ್ತಮೂರರಲ್ಲಿ ಅವರ ದೊಡ್ಡ ಕೋರ್ಟು ಹೇಳ್ತು, ಹಿಂದೂಸ್ಥಾನದವರು ಬಿಳಿಯರ ಲೆಕ್ಕಕ್ಕೆ ಬರೋದಿಲ್ಲ, ಅವರು ಪ್ರಜೆ ಆಗೋ ಹಾಗಿಲ್ಲ ಅಂತ. ಮುಂಚೆ ಕೊಟ್ಟಿದ್ದನ್ನೂ ಹುಡುಕಿ ಹುಡುಕಿ ಕಿತ್ಕೊಂಡ್ರು. ನಿಮ್ಮ ಮಾವನದ್ದು ಇಪ್ಪತ್ತೈದರಲ್ಲಿ ರದ್ದಾಗಿದೆ."

"ಮಿಲಿಟರಿಗೆ ರೊಟ್ಟಿ ಸುಟ್ಟವರದ್ದಾ?"

"ಹೌದು."

"ಥೂ," ಎಂದರು ಉಮಾವತಿ. ಅರವತ್ತು ವರ್ಷ ತಡವಾಗಿಯಾದರೂ ಆ ಕೋರ್ಟಿಗೆ ಸಲ್ಲಬೇಕಾದದ್ದು ಸಂದಿತು.

"ಅಷ್ಟಕ್ಕೇ ಮುಗೀಲಿಲ್ಲ. ಗಂಡನದ್ದು ಹೋದ್ರೆ ಹೆಂಡತಿಯದೂ ಹೋಗತ್ತೆ ಅಂತ ಅವರ ಕಾನೂನು. ಅದೇ ಊರಲ್ಲಿ ಹುಟ್ಟಿ ಬೆಳೆದ ಐಡಾ ಒಂದೇ ದಿನದಲ್ಲಿ ಪರದೇಶಿ. ಐದು ವರ್ಷದ ಹಿಂದೆ ಹಾಕಿದ ವೋಟು ಮತ್ತೆ ಹಾಕೋ ಹಾಗಿಲ್ಲ. ಮದುವೆ ಮುರಿದ್ರೆ ಮಾತ್ರ ವಾಪಸ್ ಸಿಗತ್ತೆ."

"ಮತ್ತೆ ಮುರಿದ್ಲಾ? ವೋಟಿಗೆ ಬೇಕಾಗಿ ನನ್ನ ಮಾವನನ್ನ ಬಿಟ್ಲಾ?"

"ಇಲ್ಲ ಉಮಾವತಿ. ಬಿಟ್ಟದ್ದು ನಿಮ್ಮ ಮಾವ." ರತ್ನಪ್ರಭಾ ಕೈಬರಹದ ಹಾಳೆ ಎತ್ತಿಕೊಂಡರು. "ಇದು ಕಚೇರಿಯವರು ಹುಡುಕಿಸಿದಾಗ ಅವರ ಮಗಳು ಬರೆದು ಕೊಟ್ಟದ್ದು. ಹೂಂ, ಮಗಳು. ಅರವತ್ತನಾಲ್ಕು ವರ್ಷ ಈಗ. ಬಾಲ್ಟಿಮೋರಿನಲ್ಲೇ ಇದ್ದಾಳೆ. ಬರೀತಾಳೆ, ಅಮ್ಮ ಎಷ್ಟೇ ಅತ್ತರೂ ಬಿಡಲು ಒಪ್ಪಲಿಲ್ಲ. ಆಗ ಅಪ್ಪ ಒಂದು ಬೆಳಿಗ್ಗೆ ಹೇಳದೆ ಹಡಗು ಹತ್ತಿದರು, ಅಮ್ಮನಿಗೆ ಅಮ್ಮನ ದೇಶ ಸಿಗಲಿ ಅಂತ. ನನಗೆ ನಾಲ್ಕು ವರ್ಷ. ಓಡಿಹೋದ ಅಪ್ಪ ಅಂತ ನಾನು ಜನ್ಮವಿಡೀ ದ್ವೇಷ ಮಾಡಿದೆ. ನಿಜ ಏನು ಅಂತ ಅಮ್ಮ ಸಾಯುವಾಗಷ್ಟೇ ಹೇಳಿದಳು. ಒಂದು ಸಲ ಅವರ ದನಿ ಕೇಳಬೇಕು. ಹೀಗೆ ಬರೆದು ಕೆಳಗೆ ಫೋನ್ ನಂಬರು ಕೊಟ್ಟಿದ್ದಾಳೆ."

"ಹೆಸರೆಂತ ಅವಳದ್ದು?"

"ಮೋಹಿನಿ."

ಉಮಾವತಿ ಎದೆ ಹಿಡಿದುಕೊಂಡರು. ಮೋಹಿನಿ ಎಂದರೆ ಆಕೆಯ ತಾಯಿಯ ಹೆಸರು, ಬೋಜಜ್ಜನ ತಂಗಿ. ಕಡಲಾಚೆ ಹುಟ್ಟಿದ ಮಗುವಿಗೆ ಅಣ್ಣ ತಂಗಿಯ ಹೆಸರಿಟ್ಟಿದ್ದ.

"ಅಯ್ಯೋ ದೇವರೇ. ಜ್ವರ ಬಂದಾಗೆಲ್ಲ ಮೋಹಿನೀ ಮೋಹಿನೀ ಅಂತಿದ್ರು. ನನ್ನ ಅಮ್ಮನನ್ನ ಕರೀತಾರೆ ಅಂತ ನಾನು, ಅಮ್ಮ ತೀರಿಹೋಗಿ ಎಷ್ಟು ವರ್ಷ ಆಯ್ತು ಮಾವ, ಮಲಗಿ ಅಂತಿದ್ದೆ." ಆಕೆಗೆ ಅಳು ತಡೆಯಲಾಗಲಿಲ್ಲ. "ನಾನು ಮಲಗಿ ಅಂತಿದ್ದೆ ಟೀಚರ್."

ರತ್ನಪ್ರಭಾ ಆಕೆಯ ಕೈ ಹಿಡಿದು ಕುಳಿತರು. ಅಳುವವರನ್ನು ಸುಮ್ಮನಿರಿ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗುರುವನ ಕಡೆ ತಿರುಗಿದರು.

"ಮಂಗಳವಾರ ಬೆಳಿಗ್ಗೆ. ಹೇಳು."

"ಅಮ್ಮ ಬೆಳಿಗ್ಗೆಯೇ ವಿಮಾನಕ್ಕೆ ಸಾಮಾನು ತರ್ಲಿಕ್ಕೆ ಪಕ್ಕದ ಮನೆಯವರ ಜೊತೆ ಹೋಗಿದ್ರು. ನನಗೆ ಅಜ್ಜನ ಮೇಲೆ ಸಿಟ್ಟಿತ್ತು. ರದ್ದಾದ ಕಾಗದ ಇಟ್ಕೊಂಡು ನನ್ನನ್ನ ಮಂಗ ಮಾಡಿದ್ರು ಅಂತ. ಕಾಗದ ಎದುರಿಗೆ ಹಿಡಿದು ಕಿರುಚಿದೆ. ಅಜ್ಜ ಹೇಳಿದ್ರು, ಅವರು ವಾಪಸ್ ಕೇಳಿದ್ರು ಮಗಾ, ನಾನು ಕೊಡ್ಲಿಲ್ಲ, ಅದೊಂದು ನನ್ನ ಹತ್ರ ಇರ್ಲಿ ಅಂತ. ಆಮೇಲೆ ನಾನು ಆ ಪತ್ರ ಓದಿ ಹೇಳಿದೆ. ಮೋಹಿನಿ ಅಂದದ್ದೇ ಎದ್ದು ನಿಂತ್ರು."

"ಎದ್ದು ನಿಂತ್ರಾ?"

"ಗೋಡೆ ಹಿಡೀಲಿಲ್ಲ ಟೀಚರ್! ಕೋಟು ಕೊಡು, ಟೈ ಕಟ್ಟು ಅಂದ್ರು. ಅವಳು ಬರ್ತಾಳೆ, ಹಡಗು ಬರುವಲ್ಲಿ ನಾನಿರ್ಬೇಕು ಅಂತ. ಫೋನ್ ಮಾಡಿದ್ರಾಯ್ತು ಅಜ್ಜ ಅಂದ್ರೆ ಕೇಳ್ಲಿಲ್ಲ. ಬೇಗ ಬೇಗ, ಬೇಗ ಬೇಗ, ಅದೊಂದೇ. ನನಗೆ ಎಂಟು ಗಂಟೆಗೆ ರಿಲೀಸ್ ಪೇಪರಿಗೆ ವೀಸಾ ಕೊಟ್ಟ ಕಫೀಲ್ ಹತ್ರ ಸಹಿ ಹಾಕಿಸ್ಲಿಕ್ಕಿತ್ತು. ಒಂದು ಅರ್ಧ ಗಂಟೆ ಕೂರ್ಲಿ, ಸಮಾಧಾನ ಆಗ್ತದೆ ಅಂತ ದೋಣಿಯ ನೆರಳಲ್ಲಿ ಕೂರಿಸಿದೆ. ನೀರಿನ ಬಾಟ್ಲಿ ಕೊಟ್ಟೆ. ಆ ಹಳೇ ಕೋರ್ಟಿನ ಕಾಗದವನ್ನೂ ಅವರ ಕೋಟಿನ ಜೇಬಿಗೇ ಹಾಕಿದೆ."

"ವಾಪಸ್ ಬಂದದ್ದು?"

ಗುರುವ ಮೊಣಕಾಲ ನಡುವೆ ತಲೆ ಹುದುಗಿಸಿದ. "ಹನ್ನೆರಡೂವರೆಗೆ. ಕಫೀಲ್ ಬರುವಾಗಲೇ ಹನ್ನೊಂದು. ಎದ್ದು ಬಂದ್ರೆ ಸಹಿ ತಪ್ತದೆ ಅಂತ ಕೂತೆ. ನೆರಳು ಸರೀತದೆ ಅಂತ ನನಗೆ ಹೊಳೀಲೇ ಇಲ್ಲ ಅಮ್ಮಾ. ಹೊಳೀಲೇ ಇಲ್ಲ."

ಎಂಟಕ್ಕೆ ದೋಣಿಯ ಪಡುವಣ ಬದಿಗಿದ್ದ ನೆರಳು ಹತ್ತಕ್ಕೆಲ್ಲ ಅದರ ಹೊಟ್ಟೆಯಡಿಗೆ ಸೇರಿಹೋಗಿರಬೇಕು. ಮುದುಕ ಉಣ್ಣೆಯ ಕೋಟಿನಲ್ಲಿ, ಕುತ್ತಿಗೆ ಬಿಗಿದ ಟೈಯಲ್ಲಿ, ಎಂದೂ ಬರದ ಹಡಗಿಗೆ ಕಾಯುತ್ತಾ ಕುಳಿತಿದ್ದ. ಕೋಟು ಬಿಚ್ಚಿದ್ದರೆ ಬದುಕುತ್ತಿದ್ದನೋ ಏನೋ. ಮಗಳು ಬರುವಾಗ ಯಾರು ಕೋಟು ಬಿಚ್ಚುತ್ತಾರೆ?

ಆದರೂ ರತ್ನಪ್ರಭಾ ಕೇಳಬೇಕಾದ್ದನ್ನು ಬಿಡುವವರಲ್ಲ. ಕೋಟಿನ ಜೇಬುಗಳನ್ನು ಇನ್ನೊಮ್ಮೆ ತಡಕಿದರು. ಒಂದು ಕರ್ಚೀಫು, ಅಷ್ಟೇ. "ಕಾಗದ ಇದರಲ್ಲಿಲ್ಲ. ಪೊಲೀಸರ ಪಟ್ಟಿಯಲ್ಲೂ ಇಲ್ಲ."

"ಗಾಳಿಗೆ ಹೋಯ್ತೋ, ಯಾರಾದ್ರೂ ತೆಗೆದ್ರೋ, ನನಗೆ ಗೊತ್ತಿಲ್ಲ."

"ಆ ಮೋಹಿನಿಗೆ ಸುದ್ದಿ ಮುಟ್ಟಿಸಿದ್ಯಾ?"

"ಇಲ್ಲ ಟೀಚರ್. ಯಾವ ಮುಖ ಇಟ್ಕೊಂಡು?"

ಉಮಾವತಿ ಎದ್ದರು. ಹೊಡೆಯುತ್ತಾರೆ, ಇಲ್ಲವೇ ಮನೆಯಿಂದ ಹೊರಗೆ ನಡೆ ಎನ್ನುತ್ತಾರೆ ಎಂದು ರತ್ನಪ್ರಭಾ ಅಂದುಕೊಂಡರು. ಆಕೆ ಮಗನ ಪಕ್ಕ ನೆಲದಲ್ಲಿ ಕುಳಿತು ಅವನ ತಲೆಯನ್ನು ತೊಡೆಗೆ ಎಳೆದುಕೊಂಡರು.

"ನನಗೆ ಯಾಕೆ ಮೊದಲೇ ಹೇಳ್ಲಿಲ್ಲ ನೀನು? ಮೂರು ದಿವಸ ಒಬ್ಬನೇ ನುಂಗಿಕೊಂಡಿ ಅಲ್ವಾ?" ಕೂದಲೊಳಗೆ ಬೆರಳಾಡಿಸಿದರು. "ಮರ್ತದ್ದು ಬೇರೆ, ಕೊಂದದ್ದು ಬೇರೆ. ನೀನು ಮರ್ತದ್ದು. ಮಾವ ಖುಷಿಯಲ್ಲೇ ಹೋದ್ರು. ಮಗಳು ಬರ್ತಾಳೆ ಅಂತ ನೆನೆಸಿಕೊಂಡೇ ಹೋದ್ರು. ಅಷ್ಟು ಸಾಕು ನನಗೆ. ಬೂದಿ ನೀನೇ ಬಿಡ್ಬೇಕು, ಊರಿನ ಹೊಳೆಯಲ್ಲಿ. ಎದ್ದು ಮುಖ ತೊಳ್ಕೊ, ಚಾ ಮಾಡ್ತೇನೆ."

ರತ್ನಪ್ರಭಾ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಮುಗಿಯಿತು ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು. ಕಾಗದ ಸಿಗದಿದ್ದರೆ ಸಾಯಲಿ. ಈ ಮನೆಯವರು ಇನ್ನಾದರೂ ನಿದ್ದೆ ಮಾಡಲಿ. ಆ ಅಮೆರಿಕದ ಹೆಂಗಸಿಗೆ ಸಾವಿನ ಸುದ್ದಿ ಮೆಲ್ಲಗೆ ಬರೆದು ತಿಳಿಸುವ ಕೆಲಸ ತಾನೇ ಮಾಡಿದರಾಯಿತು.

ಉಮಾವತಿ ಅಡಿಗೆಮನೆಗೆ ಹೋದರು. ಅಷ್ಟರಲ್ಲಿ ಹಾಲಿನಲ್ಲಿ ಫೋನು ಬಡಿದುಕೊಂಡಿತು. ಸಂಜೆ ನಾಲ್ಕು ಗಂಟೆ.

ಗುರುವ ಎದ್ದು ಓಡಿದ. ಓಡಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಓಡಿದ. ಆದರೆ ಕೋಣೆಯ ಬಾಗಿಲಿಗೆ ಹತ್ತಿರವಿದ್ದವರು ಟೀಚರ್. ರಿಸೀವರ್ ಎತ್ತಿಯಾಗಿತ್ತು.

ದೂರದ ಲೈನಿನ ಗೊರಗೊರ. ಆಮೇಲೆ ವಯಸ್ಸಾದ ಹೆಂಗಸಿನ ಇಂಗ್ಲಿಷು. ತಾನು ಬಾಲ್ಟಿಮೋರಿನಿಂದ ಮೋಹಿನಿ. ಅಪ್ಪ ಎದ್ದಿದ್ದಾರೆಯೇ?

ಸಾವಿನ ಸುದ್ದಿ ಹೇಗೆ ಹೇಳುವುದು ಎಂದು ರತ್ನಪ್ರಭಾ ಮಾತು ಹುಡುಕುವಷ್ಟರಲ್ಲಿ ಆಕೆಯೇ ಮುಂದುವರಿಸಿದಳು. ಭಾನುವಾರ ತಾವೇ ಮತ್ತೆ ಫೋನ್ ಮಾಡುವುದಾಗಿ ಅಪ್ಪ ಹೇಳಿದ್ದರಂತೆ. ಇವಳಿಗೆ ಅಲ್ಲಿಯವರೆಗೆ ತಡೆಯಲು ಆಗದೆ, ಅರ್ಜಿಯಲ್ಲಿದ್ದ ನಂಬರಿಗೆ ತಾನೇ ಮಾಡಿದ್ದಂತೆ. ಬುಧವಾರ ಅಪ್ಪನ ದನಿ ಕೇಳಿದಾಗಿನಿಂದ ನಿದ್ದೆಯೇ ಬಂದಿಲ್ಲವಂತೆ.

"ಬುಧವಾರವಾ?" ರತ್ನಪ್ರಭಾ ಇಂಗ್ಲಿಷಿನಲ್ಲಿ ಗಟ್ಟಿಯಾಗಿಯೇ ಕೇಳಿದರು. "ನೀವು ಬುಧವಾರ ನಿಮ್ಮ ತಂದೆಯ ಜೊತೆ ಮಾತಾಡಿದ್ರಾ?"

ಮಂಗಳವಾರ ಸತ್ತ ಮನುಷ್ಯ. ಎದುರಿಗೆ ನಿಂತಿದ್ದ ಗುರುವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಹೌದು, ಎಂದಳು ಮೋಹಿನಿ. ಮಾತು ಕಮ್ಮಿ. ಕೆಮ್ಮು, ಅಳು. ಮಗಾ ಎಂದು ಕರೆದರು. ಅದು ತನಗೆ ನೆನಪಿದ್ದ ಒಂದೇ ಒಂದು ಶಬ್ದವಂತೆ. ತನಗೆ ಗುರುತು ಸಿಗಲೆಂದು ಹಳೆಯ ಸರ್ಟಿಫಿಕೇಟಿನ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರಂತೆ. ಅರವತ್ತು ವರ್ಷದ ಸಿಟ್ಟನ್ನೆಲ್ಲ ಕ್ಷಮಿಸಿಬಿಟ್ಟೆ ಅಪ್ಪ ಎಂದು ಅತ್ತಳಂತೆ. ಅವರು ಕೇಳಿಕೊಂಡದ್ದು ಒಂದೇ, ತನ್ನನ್ನು ನೋಡಿಕೊಳ್ಳುತ್ತಿರುವ ಹುಡುಗ ಗುರುವನನ್ನು ಅಮೆರಿಕಕ್ಕೆ ಕರೆಸಿಕೋ, ಅವನು ನನಗೆ ಮಗನಿದ್ದ ಹಾಗೆ ಎಂದು. ಅವಳು ಇವತ್ತೇ ವಕೀಲರ ಹತ್ತಿರ ಹೊರಟಿದ್ದಾಳೆ. ಅರ್ಜಿಗೆ ಒಂದು ವಿವರ ಬೇಕಿತ್ತು.

ರತ್ನಪ್ರಭಾ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿದರು. ಮಂಗಳವಾರ ಸತ್ತವರ ದನಿಯಲ್ಲಿ ಮಾತಾಡಿದವನು, ಆ ಕಾಗದ ಇಟ್ಟುಕೊಂಡವನು ಎದುರಿಗೇ ನಿಂತಿದ್ದ. ಸುಳ್ಳು ಹೇಳಿದ ಹುಡುಗನ ನಿಜ ಎಲ್ಲಿಯವರೆಗೆ? ಕಫೀಲ್ ಬರುವಾಗ ಹನ್ನೊಂದಾಗಿದ್ದು ನಿಜವೇ? ನೆರಳು ಸರಿಯುತ್ತದೆ ಎಂದು ಹೊಳೆಯದೆ ಇದ್ದದ್ದು ನಿಜವೇ?

ಉಮಾವತಿ ಚಾ ಲೋಟ ಹಿಡಿದು ಬಾಗಿಲಿಗೆ ಬಂದರು. ಅತ್ತು ಅತ್ತು ಬಾತ ಮುಖ ಈಗ ಹಗುರಾಗಿತ್ತು.

"ಯಾರು ಟೀಚರ್? ಆ ಮಗಳಾ? ಪಾಪ, ಎಂತ ಹೇಳ್ತಾಳೆ?"

ಉಮಾವತಿಯ ಬೆನ್ನ ಹಿಂದೆ ಗುರುವ ಎರಡೂ ಕೈ ಜೋಡಿಸಿದ್ದ. ಬೇಡ ಎಂದು ತಲೆಯಾಡಿಸುತ್ತಿದ್ದ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

ಟೀಚರ್ ಅವನನ್ನು ನೋಡಿದರು. ಆಮೇಲೆ ತಾಯಿಯನ್ನು ನೋಡಿದರು.

"ನಿಮ್ಮ ಮಗ ಹುಟ್ಟಿದ ತಾರೀಕು ಕೇಳ್ತಿದ್ದಾಳೆ ಉಮಾವತಿ."

"ಗುರುವನದ್ದಾ?" ಉಮಾವತಿ ನಗುವುದೋ ಬಿಡುವುದೋ ತಿಳಿಯದೆ ಲೋಟವನ್ನು ಮೇಜಿನ ಮೇಲಿಟ್ಟರು. ನಿಧಾನವಾಗಿ ಮಗನ ಕಡೆ ತಿರುಗಿದರು.

"ನೀನು ಹುಟ್ಟಿದ ತಾರೀಕು ಅವಳಿಗೆ ಎಂತಕ್ಕೆ ಮಗಾ?"